ಸವಾನಾದಲ್ಲಿ ಸುಮ್ಮನೆ ಕೂರುವ ಯೋಜನೆ

ಯೋಜನೆ ಹಾಕುವುದರಲ್ಲಿ ನನ್ನನ್ನು ಮೀರಿಸುವವರು ಶಿಕಾಗೋ ಪಕ್ಕದ ನಮ್ಮ ಇಡೀ ವೆಸ್ಟ್‌ಮಂಟ್‌ನಲ್ಲಿ ಇಲ್ಲ ಎಂದು ನಾನು ನಂಬಿದ್ದ ಕಾಲವದು. ಹದಿನಾಲ್ಕು ವರ್ಷ ಓಕ್ ಬ್ರೂಕ್‌ನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ಲಾನಿಂಗ್ ಮ್ಯಾನೇಜರ್ ಆಗಿದ್ದೆ. ರಿಸೆಷನ್ ಬಂತು. ಕಂಪನಿಯವರು ಮೊದಲು ಕಾಫಿ ಮಿಷನ್ ತೆಗೆದರು, ಆಮೇಲೆ ನನ್ನನ್ನು ತೆಗೆದರು. ತೆಗೆದದ್ದಕ್ಕಿಂತ, ಅದನ್ನು ಯಾವ ಯೋಜನೆಯೂ ಇಲ್ಲದೆ ಒಂದೇ ಮಧ್ಯಾಹ್ನದಲ್ಲಿ ಮಾಡಿ ಮುಗಿಸಿದರಲ್ಲ, ಅದು ನನಗೆ ಹೆಚ್ಚು ನೋವು ತಂದಿತು.

ಮನೆ ನಡೆಯುತ್ತಿದ್ದದ್ದು ನನ್ನ ಹೆಂಡತಿ ಸುಧಾಳಿಂದ. ಅವಳು ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ದಿನವಿಡೀ ನಿಂತೇ ಇರುವ ಕೆಲಸ. ನನ್ನ ಕೆಲಸ ಹೋದ ಮೇಲೆ ಶನಿವಾರವೂ ಹೋಗತೊಡಗಿದ್ದಳು. ಮಾರ್ಚ್‌ನಲ್ಲಿ ನಮ್ಮ ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುವುದಿತ್ತು. ಏನು ಬೇಕು ಎಂದು ಕೇಳಿದೆ.

"ಏನೂ ಬೇಡ. ಎಲ್ಲಾದ್ರೂ ಸ್ವಲ್ಪ ಬೆಚ್ಚಗಿರೋ ಕಡೆ ಕರ್ಕೊಂಡು ಹೋಗಿ. ಸುಮ್ನೆ ಕೂರಬೇಕು, ಅಷ್ಟೇ," ಅಂದಳು.

ನಾನು ಕೂಡಲೇ ಆಬರ್ನ್ ಹಿಲ್ಸ್‌ನಲ್ಲಿದ್ದ ಅವಳ ತಮ್ಮ ರಘುವಿಗೆ ಫೋನ್ ಮಾಡಿದೆ. ಅವನು ಕಾರು ಕಂಪನಿಯ ಎಂಜಿನಿಯರ್. ಕಂಪನಿ ಕೆಲವು ವಾರ ಬಾಗಿಲು ಮುಚ್ಚಿದ್ದರಿಂದ ಅವನೂ ಮನೆಯಲ್ಲೇ ಇದ್ದ.

"ಭಾವ, ಸವಾನಾಗೆ ಹೋಗಿ. ಜಾರ್ಜಿಯಾದಲ್ಲಿದೆ. ಹಳೇ ಊರು, ದೊಡ್ಡ ದೊಡ್ಡ ಓಕ್ ಮರ, ಕೆಳಗೆ ಬೆಂಚು. ಅಲ್ಲಿ ಮಾಡೋಕೆ ಏನೂ ಇಲ್ಲ. ಅಕ್ಕಂಗೆ ಹೇಳಿ ಮಾಡಿಸಿದ ಜಾಗ," ಅಂದ.

ಮೂರು ತಿಂಗಳಿಂದ ಕೆಲಸವಿಲ್ಲದೆ ತುಕ್ಕು ಹಿಡಿಯುತ್ತಿದ್ದ ನನ್ನ ಪ್ರತಿಭೆ ಎದ್ದು ಕೂತಿತು. ಒಂದು ವಾರ ಹಗಲೆಲ್ಲ ಕಂಪ್ಯೂಟರ್ ಮುಂದೆ ಕೂತು ಇಪ್ಪತ್ತೆರಡು ಪುಟಗಳ ದಾಖಲೆ ತಯಾರಿಸಿದೆ. ಅದರಲ್ಲಿ ‘ಬೆಳಿಗ್ಗೆ 10.15ರಿಂದ 10.40: ಬೆಂಚಿನ ಮೇಲೆ ಸುಮ್ಮನೆ ಕೂರುವುದು. 10.40ರಿಂದ 10.50: ಮುಂದಿನ ಬೆಂಚಿಗೆ ನಡಿಗೆ’ ಎಂಬಂತಹ ವಿವರಗಳಿದ್ದವು. ಮಳೆ ಬಂದರೆ ಎಲ್ಲಿ ಸುಮ್ಮನೆ ಕೂರಬೇಕು ಎಂಬುದಕ್ಕೆ ಬೇರೆ ಪುಟವಿತ್ತು.

ಕಾಲೇಜಿನಿಂದ ಬಂದಿದ್ದ ಮಗಳು ಅನಘಾ ಅದನ್ನು ತಿರುವಿ ಹಾಕಿ, "ಅಪ್ಪ, ದಿಸ್ ಈಸ್ ನಾಟ್ ಎ ವೆಕೇಶನ್. ದಿಸ್ ಈಸ್ ಎ ಪ್ರಾಜೆಕ್ಟ್," ಅಂದಳು. ನಾನು ಅದನ್ನು ಹೊಗಳಿಕೆ ಎಂದು ಸ್ವೀಕರಿಸಿದೆ.

ತಂಗುವ ಜಾಗ ಹುಡುಕುವಾಗ ರಘು ಹೇಳಿದ ಊರಿನ ಹೆಸರನ್ನು ಕಿವಿಗೆ ಕೇಳಿಸಿದ ಹಾಗೆಯೇ ಟೈಪ್ ಮಾಡಿದೆ. ನದಿಯ ದಡದಲ್ಲಿ ನೂರು ವರ್ಷದ ಮರದ ಮನೆ, ಮುಂದೆ ಉದ್ದನೆಯ ಜಗುಲಿ, ಜಗುಲಿಯಲ್ಲಿ ತೂಗುಕುರ್ಚಿ. ಚಿತ್ರ ನೋಡಿ ಮರುಳಾಗಿ ಫೋನ್ ಮಾಡಿದೆ. ಮನೆಯೊಡತಿ ಡೊರೊತಿ ಎಂಬ ಹಿರಿಯ ಹೆಂಗಸು ಬಹಳ ಮರ್ಯಾದೆಯಿಂದ ಮಾತಾಡಿದರು.

"ಶಿಕಾಗೋದಿಂದ ಬರ್ತೀರಾ? ಎರಡೂವರೆ ಗಂಟೆ ಅಷ್ಟೇ," ಅಂದರು.

"ಗೊತ್ತು. ಫ್ಲೈಟ್ ಕೂಡ ಬುಕ್ ಮಾಡಿದ್ದೇನೆ," ಅಂದೆ.

ಅವರು, "ಫ್ಲೈಟಾ? ಸರಿ, ನಿಮ್ಮಿಷ್ಟ. ದಪ್ಪ ಜಾಕೆಟ್ ತನ್ನಿ. ನದಿ ಮೇಲೆ ಇನ್ನೂ ಐಸ್ ಇದೆ," ಅಂದರು.

ಬೆಚ್ಚಗಿನ ದಕ್ಷಿಣ ರಾಜ್ಯದವರ ಹಾಸ್ಯಪ್ರಜ್ಞೆಯನ್ನು ಮೆಚ್ಚಿ ನಾನು ಜೋರಾಗಿ ನಕ್ಕೆ.

ವಾರ್ಷಿಕೋತ್ಸವದ ದಿನ ಮಧ್ಯಾಹ್ನ ಸವಾನಾದಲ್ಲಿ ಇಳಿದೆವು. ಬಿಸಿಲು ಹಿತವಾಗಿತ್ತು. ಸುಧಾ ಹಸಿರು ಮೈಸೂರು ಸಿಲ್ಕ್ ಸೀರೆ ಉಟ್ಟಿದ್ದಳು. ಟ್ಯಾಕ್ಸಿಯಲ್ಲಿ ಬರುವಾಗ ದಾರಿಯುದ್ದಕ್ಕೂ ಹಸಿರು ಟೋಪಿ, ಹಸಿರು ಅಂಗಿ, ಹಸಿರು ಮೀಸೆಯ ಜನ. ಅಂದು ಐರಿಷ್ ಜನರ ಸೇಂಟ್ ಪ್ಯಾಟ್ರಿಕ್ ಹಬ್ಬ. ಶಿಕಾಗೋದಲ್ಲಿ ನದಿಗೇ ಹಸಿರು ಬಣ್ಣ ಹಾಕಿ ಗದ್ದಲ ಮಾಡುವ ಆ ಹಬ್ಬದಿಂದ ತಪ್ಪಿಸಿಕೊಳ್ಳಲೆಂದೇ ನಾನು ಈ ಶಾಂತವಾದ ಊರನ್ನು ಒಪ್ಪಿದ್ದೆ. ಆ ಹಬ್ಬಕ್ಕೆ ದೂರದೂರದ ಜನ ಸವಾನಾಗೇ ಬರುತ್ತಾರೆ ಎಂಬುದು ಇಪ್ಪತ್ತೆರಡು ಪುಟಗಳಲ್ಲಿ ಎಲ್ಲೂ ಇರಲಿಲ್ಲ.

ಟ್ಯಾಕ್ಸಿ ಚಾಲಕ ನಾನು ಕೊಟ್ಟ ವಿಳಾಸವನ್ನು ಮೂರು ಸಲ ಓದಿದ. ತಾನು ಮೂವತ್ತು ವರ್ಷದಿಂದ ಇಲ್ಲಿ ಗಾಡಿ ಓಡಿಸುತ್ತಿದ್ದೇನೆ, ಇಂಥ ಮನೆ ಈ ಊರಲ್ಲಿಲ್ಲ ಎಂದು ಹೇಳಿ, ನದಿಯ ಹತ್ತಿರ ನಮ್ಮನ್ನೂ ಎರಡು ಸೂಟ್‌ಕೇಸನ್ನೂ ಇಳಿಸಿ ಹೋದ. ನಾನು ಧೈರ್ಯವಾಗಿ ಡೊರೊತಿಗೆ ಫೋನ್ ಮಾಡಿದೆ.

"ನಾವು ಬಂದಿದ್ದೇವೆ. ನದಿ ಪಕ್ಕದಲ್ಲೇ ಇದ್ದೇವೆ."

"ನಾನೂ ಜಗುಲಿಯಲ್ಲಿ ನಿಂತು ನದಿಯನ್ನೇ ನೋಡ್ತಿದ್ದೇನೆ. ನೀವು ಕಾಣ್ತಾ ಇಲ್ಲವಲ್ಲ," ಅಂದರು.

"ಜನ ಬಹಳ. ಅದಕ್ಕೇ ಕಾಣ್ತಿಲ್ಲ."

"ಜನವಾ? ಇಲ್ಲಿ ನಾನು ಮತ್ತು ನನ್ನ ನಾಯಿ ಬಿಟ್ಟರೆ ಯಾರೂ ಇಲ್ಲ."

"ನನ್ನ ಎದುರಿಗೆ ಒಂದು ದೊಡ್ಡ ಹಡಗು ಹೋಗ್ತಾ ಇದೆ, ಸಮುದ್ರದ ಕಡೆಗೆ."

ಆಮೇಲೆ ಡೊರೊತಿ, ಆಸ್ಪತ್ರೆಯಲ್ಲಿ ರೋಗಿಯನ್ನು ಕೇಳುವ ದನಿಯಲ್ಲಿ, "ಸರ್, ನೀವೀಗ ಯಾವ ರಾಜ್ಯದಲ್ಲಿದ್ದೀರಿ?" ಎಂದು ಕೇಳಿದರು.

ಸವಾನಾಗಳು ಎರಡಿವೆ. ಒಂದು ಜಾರ್ಜಿಯಾದ್ದು. ಇನ್ನೊಂದು ನಾವಿರುವ ಇಲಿನಾಯ್ ರಾಜ್ಯದಲ್ಲೇ, ಮಿಸಿಸಿಪ್ಪಿ ನದಿಯ ದಡದಲ್ಲಿರುವ ಪುಟ್ಟ ಊರು. ಇಂಗ್ಲಿಷಿನಲ್ಲಿ ಮೊದಲನೆಯದರ ಕೊನೆಗೆ ಒಂದು ‘ಎಚ್’ ಇದೆ, ಎರಡನೆಯದಕ್ಕೆ ಇಲ್ಲ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ. ಆದ್ದರಿಂದ ಈ ತಪ್ಪಿಗೆ ಇಂಗ್ಲಿಷ್ ಭಾಷೆಯೇ ಹೊಣೆ ಎಂದು ನಾನು ಈಗಲೂ ವಾದಿಸುತ್ತೇನೆ. ಅಂದು ವಾದಿಸುವ ಧೈರ್ಯವಿರಲಿಲ್ಲ.

"ಎಷ್ಟು ದೂರವಂತೆ ರೀ ಆ ಮನೆ?" ಸುಧಾ ಕೇಳಿದಳು.

"ನಮ್ಮನೆಯಿಂದ ಎರಡೂವರೆ ಗಂಟೆ ಡ್ರೈವು," ಅಂದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಪರೂಪಕ್ಕೆ ಸಿಕ್ಕ ಅವಳ ಮೂರು ದಿನದ ರಜೆ ನನ್ನ ಕಣ್ಣೆದುರೇ ಹಡಗಿನ ಹಿಂದೆ ತೇಲಿ ಹೋಗುತ್ತಿತ್ತು. ಕೆಲಸ ಹೋದ ದಿನವೂ ನನಗೆ ಅಷ್ಟು ನಾಚಿಕೆಯಾಗಿರಲಿಲ್ಲ. ಅವಳು ನನ್ನ ಕೈಯಿಂದ ಇಪ್ಪತ್ತೆರಡು ಪುಟದ ಫೈಲ್ ತೆಗೆದುಕೊಂಡು ಪಾರ್ಕಿನಂಥ ಒಂದು ಚೌಕದ ಕಡೆ ನಡೆದಳು. ಓಕ್ ಮರದ ಕೆಳಗಿನ ಬೆಂಚು ಬೆಳಗಿನ ಮಳೆಗೆ ಒದ್ದೆಯಾಗಿತ್ತು. ಫೈಲನ್ನು ಅದರ ಮೇಲೆ ಹಾಸಿ ಕೂತಳು. ಆ ದಾಖಲೆಯಿಂದ ಆದ ಮೊದಲ ಉಪಯೋಗ ಅದು.

"ನೀವು ಹೋಗಿ ರೂಮ್ ಹುಡುಕಿ. ನಾನು ಏಳಲ್ಲ," ಅಂದಳು.

ನಾನು ಎರಡು ಸೂಟ್‌ಕೇಸ್ ಎಳೆದುಕೊಂಡು ಒಂಬತ್ತು ಹೋಟೆಲು ಹತ್ತಿಳಿದೆ. ಮೊದಲ ಎಂಟು ಕಡೆ ಕ್ಷಮಿಸಿ ಎಂದರು. ಒಂಬತ್ತನೆಯ ಕಡೆ, "ಇವತ್ತು ರೂಮಾ?" ಎಂದು ಒಳಗಿದ್ದವರನ್ನೂ ಕರೆದು ನನ್ನನ್ನು ತೋರಿಸಿದರು. ಅವರಲ್ಲೊಬ್ಬ ಕನಿಕರಪಟ್ಟು ಎಲ್ಲೆಲ್ಲಿಗೋ ಫೋನ್ ಮಾಡಿ, ಹೆದ್ದಾರಿಯಲ್ಲಿ ನಲವತ್ತು ಮೈಲಿ ಆಚೆ, ಟ್ರಕ್ಕುಗಳು ನಿಲ್ಲುವ ಒಂದು ಎಕ್ಸಿಟ್ ಬಳಿಯ ಮೋಟೆಲಿನಲ್ಲಿ ರೂಮ್ ಹಿಡಿದುಕೊಟ್ಟ.

ಬೆವರು ಸುರಿಸುತ್ತಾ ಚೌಕಕ್ಕೆ ವಾಪಸು ಬಂದರೆ ಬೆಂಚು ಖಾಲಿ. ಸುತ್ತ ಹುಡುಕಿದೆ. ಆಮೇಲೆ ನಗು ಕೇಳಿಸಿತು. ಸ್ವಲ್ಪ ದೂರದಲ್ಲಿ ಒಂದು ದೊಡ್ಡ ಸಂಸಾರ ಮಡಿಚುವ ಕುರ್ಚಿಗಳನ್ನು ಹಾಕಿಕೊಂಡು ಕೂತಿತ್ತು. ಅವರ ನಡುವೆ, ಎಲ್ಲಕ್ಕಿಂತ ಒಳ್ಳೆಯ ಕುರ್ಚಿಯಲ್ಲಿ, ಕಾಲು ಚಾಚಿ ಸುಧಾ. ಕೊರಳಲ್ಲಿ ನಾಲ್ಕೈದು ಹಸಿರು ಮಣಿಸರ. ದಾರಿಯಲ್ಲಿ ಹೋಗುವವರು ಅವಳ ಸೀರೆ ನೋಡಿ ಚಪ್ಪಾಳೆ ತಟ್ಟುತ್ತಿದ್ದರು. ಅಂದಿನ ಹಬ್ಬಕ್ಕೆ ಅಷ್ಟು ಶ್ರದ್ಧೆಯಿಂದ ಯಾರೂ ಹಸಿರು ಉಟ್ಟಿರಲಿಲ್ಲವಂತೆ. ಪಕ್ಕದ ಅಜ್ಜಿ ಅವಳ ಕೈಗೆ ಒಂದು ಬಿಸಿ ಪೊಟ್ಟಣ ಕೊಟ್ಟಿದ್ದಳು.

"ನೋಡಿ ರೀ, ಬೇಯಿಸಿದ ಕಡ್ಲೇಕಾಯಿ. ಉಪ್ಪು ಹಾಕಿ, ಥೇಟ್ ನಮ್ಮೂರಿನ ಥರ. ತಗೊಳ್ಳಿ," ಅಂದಳು.

"ರೂಮ್ ಸಿಕ್ತು," ಅಂದೆ. "ನಲವತ್ತು ಮೈಲಿ ದೂರ."

"ಸಿಕ್ತಲ್ಲ, ಸಾಕು ಬಿಡಿ," ಎಂದು ಇನ್ನೊಂದು ಕಾಯಿ ಸುಲಿದಳು. ಅವಳ ಕಣ್ಣಲ್ಲಿ ನೀರಿತ್ತು. ಗಾಬರಿಯಾಗಿ ಬಗ್ಗಿ ನೋಡಿದೆ. ನಕ್ಕೂ ನಕ್ಕೂ ಬಂದ ನೀರು. ಅವಳು ಆಗಲೇ ಇಡೀ ಕಥೆಯನ್ನು ಆ ಸಂಸಾರಕ್ಕೆ ಹೇಳಿ ಮುಗಿಸಿದ್ದಳು. ಅಜ್ಜಿ ನನ್ನ ಕೈ ಕುಲುಕಿ, "ಎಚ್ ಮರೆತವರು ನೀವೇನಾ?" ಎಂದು ಕೇಳಿದಳು.

ಊರಿಗೆ ಬಂದ ಮೇಲೆ ಡೊರೊತಿಯೇ ಫೋನ್ ಮಾಡಿ, ನಮ್ಮ ಕೋಣೆಯನ್ನು ಏಪ್ರಿಲ್‌ಗೆ ಇಟ್ಟಿದ್ದೇನೆ, ಬನ್ನಿ ಎಂದರು. ಈ ಸಲ ದಾರಿಯ ಹೊಣೆಯನ್ನು ನನಗೆ ವಹಿಸದೆ ಸುಧಾಳೇ ಡ್ರೈವ್ ಮಾಡಿದಳು. ಎರಡು ದಿನ ಅವಳು ಆ ಜಗುಲಿಯ ತೂಗುಕುರ್ಚಿಯಲ್ಲಿ ಮಿಸಿಸಿಪ್ಪಿಗೆ ಮುಖ ಮಾಡಿ ಸುಮ್ಮನೆ ಕೂತಳು, ಬಹುಪಾಲು ನಿದ್ದೆ ಮಾಡಿದಳು. ಅವಳು ಎಚ್ಚರವಾದಾಗ ಒಮ್ಮೆ ಮೆಲ್ಲಗೆ, "ನೋಡು, ನಾನು ಬುಕ್ ಮಾಡಿದ್ದು ಸರಿಯಾದ ಜಾಗಾನೇ. ತಪ್ಪಿದ್ದು ವಿಮಾನ," ಎಂದು ಹೇಳಿ ನೋಡಿದೆ. ಅವಳು ಒಂದು ಕಣ್ಣು ತೆರೆದು ನನ್ನನ್ನು ನೋಡಿ ಮತ್ತೆ ಮುಚ್ಚಿದಳು.

ಹೊರಡುವಾಗ ಡೊರೊತಿ ಅತಿಥಿಗಳ ಪುಸ್ತಕ ಮುಂದಿಟ್ಟರು. ಹೆಸರು, ಊರು, ಬಂದ ಬಗೆ ಬರೆಯಬೇಕು. ನಾನು ಪೆನ್ನು ತೆಗೆಯುವಷ್ಟರಲ್ಲಿ ಸುಧಾ ಪುಸ್ತಕ ಎಳೆದುಕೊಂಡು, ಒಂದು ಸಾಲು ಇಂಗ್ಲಿಷಿನಲ್ಲಿ, ಅದರ ಕೆಳಗೆ ನನಗೋಸ್ಕರ ಕನ್ನಡದಲ್ಲೂ ಬರೆದಳು:

‘ವೆಸ್ಟ್‌ಮಂಟ್‌ನಿಂದ ಸವಾನಾಗೆ. ಜಾರ್ಜಿಯಾ ಮಾರ್ಗವಾಗಿ.’

ನಾನು ತಲೆ ತಗ್ಗಿಸಿ ಅದರ ಕೆಳಗೆ ಸಹಿ ಮಾಡಿದೆ.