ಜೋಲು ಸೇತುವೆಯೂ ನಮ್ಮ ಮಾಳಿಗೆಯ ತಂತಿಯೂ

ಜೋಲು ಬಿದ್ದದ್ದನ್ನು ಕಂಡರೆ ನನಗೆ ಆಗುವುದಿಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ಕನ್ನಡ ಮೇಷ್ಟ್ರಾಗಿರುವ ನಾನು, ಬೋರ್ಡಿನ ಮೇಲೆ ಬರೆದ ಸಾಲು ಕೊನೆಯಲ್ಲಿ ತುಸು ಇಳಿದರೂ ಅಳಿಸಿ ಮತ್ತೆ ಬರೆಯುವವನು. ಬಸ್ಸಿನಲ್ಲಿ ಕೊಟ್ಟೂರಿಗೆ ಹೋಗುವಾಗ ಕಿಟಕಿಯಾಚೆ ಜೋತಾಡುವ ಕರೆಂಟಿನ ತಂತಿಗಳನ್ನೆಲ್ಲ ಮನಸ್ಸಿನಲ್ಲೇ ಬಿಗಿಯುತ್ತ ಕೂರುತ್ತೇನೆ. ಹೆಂಡತಿ ಶಾರದಾ ಮಾತ್ರ, "ಮೊದ್ಲು ನಿಮ್ಮ ಹೊಟ್ಟಿ ಬಿಗಿ ಮಾಡ್ಕೊಳ್ರಿ" ಅನ್ನುತ್ತಾಳೆ.

ಹೀಗಿರುವಾಗ ನಾದಿನಿ ಸುಮಾ ತೋರಿಸಿದ ಸೇತುವೆ ನೋಡಿ ನನ್ನ ಎದೆ ಧಸಕ್ಕೆಂದಿತು. ಅವಳು ಸೇತುವೆ ಕಟ್ಟುವ ಎಂಜಿನಿಯರ್. ರಜೆಗೆ ಬಂದವಳು ಮೊಬೈಲನ್ನು ನನ್ನ ಮುಂದೆ ಹಿಡಿದಳು. ನದಿಯ ನಡುವೆ ಒಂದು ಕಂಬವಿಲ್ಲ, ಮೇಲೆ ಗೋಪುರವಿಲ್ಲ, ಕೆಳಗೆ ಕಮಾನಿಲ್ಲ. ಈ ದಡದಿಂದ ಆ ದಡಕ್ಕೆ ತೆಳ್ಳನೆಯ ಕಾಂಕ್ರೀಟಿನ ಪಟ್ಟಿ, ನಡುವೆ ತುಸು ಜೋಲು. ಅದರ ಮೇಲೆ ಜನ ಕೈಬೀಸಿಕೊಂಡು ನಡೆಯುತ್ತಿದ್ದಾರೆ!

"ಬೀಳ್ತೈತಲ್ಲವಾ ಇದು!" ಎಂದೆ.

"ಬೀಳಂಗಿಲ್ಲ ಮಾವ. ಇದಕ್ಕ ಸ್ಟ್ರೆಸ್ಡ್ ರಿಬ್ಬನ್ ಬ್ರಿಡ್ಜ್ ಅಂತಾರ. ಉಕ್ಕಿನ ಹಗ್ಗ ಎಳದು ಎರಡೂ ದಂಡ್ಯಾಗ ಗಟ್ಟಿಯಾಗಿ ಹುಗೀತಾರ. ಅದರ ಮ್ಯಾಲ ಕಾಂಕ್ರೀಟ್ ಹಲಗಿ ಸಾಲಾಗಿ ಕೂಡಿಸಿ, ಸಂದಿ ತುಂಬಿ, ಮತ್ತ ಜಗ್ಗತಾರ. ಹಲಗಿ ಒಂದಕ್ಕೊಂದು ಒತ್ತಿಕೊಂಡು ಒಂದ ಹಾಸು ಆಗತೈತಿ. ಅದಕ್ಕ ತೂಗುಸೇತುವೆ ಹಂಗ ಅಲ್ಲಾಡಂಗಿಲ್ಲ."

"ಅಷ್ಟು ಜಗ್ಗಿದೋರಿಗೆ ಇನ್ನೊಂದೀಟು ಜಗ್ಗಿ ನೆಟ್ಟಗ ಮಾಡಾಕ ಏನ್ ಧಾಡಿ?"

ಅವಳು ಉತ್ತರ ಹೇಳಲು ಬಾಯಿ ತೆರೆದಳು. ಕೇಳುವ ತಾಳ್ಮೆ ನನಗೆಲ್ಲಿ? ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವ ತಂತಿ ಜೋತು, ಹೊದೆಯುವ ಕೌದಿ ನೆಲಕ್ಕೆ ತಾಗುತ್ತದೆಂದು ಶಾರದಾ ಬೆಳಗ್ಗೆಯಷ್ಟೇ ಗೊಣಗಿದ್ದಳು. ತಂತಿಯ ಒಂದು ತುದಿ ನಮ್ಮ ಮೆಟ್ಟಿಲ ಗೋಡೆಗೆ, ಇನ್ನೊಂದು ಸಣ್ಣ ಓಣಿಯಾಚೆ ಮೆಕ್ಯಾನಿಕ್ ರಾಜಾಸಾಬರ ಮಾಳಿಗೆಯ ಇಟ್ಟಿಗೆ ಕಂಬಕ್ಕೆ. ಅವರದೇ ಗ್ಯಾರೇಜಿನಿಂದ ಬಿಗಿಸುವ ಸ್ಕ್ರೂ ತಂದು, ತಂತಿಗೆ ಸಿಕ್ಕಿಸಿ ತಿರುಗಿಸಿದೆ. ತಂತಿ ನೇರವಾಗುವವರೆಗೆ ತಿರುಗಿಸಿದೆ. ಬೆರಳಿಂದ ಮೀಟಿದರೆ ಟಿಂಗ್ ಎಂದಿತು. ಎಂಥ ಆನಂದ!

ಶಾರದಾ ಒದ್ದೆ ಕೌದಿ ತಂದು ಹಾಕಿದಳು. ಎರಡನೆಯದನ್ನೂ ಹಾಕಿದಳು. ಕಟಕ್ ಅಂತ ಸದ್ದಾಯಿತು. ನಾನು ನೋಡುತ್ತಿರುವಂತೆಯೇ ಆಚೆಯ ಕಂಬ ನಮ್ಮ ಕಡೆಗೆ ಬಾಗಿ, ದಡಾರನೆ ಓಣಿಗೆ ಬಿತ್ತು.

ಆ ಓಣಿಯ ಕಟ್ಟೆಯ ಮೇಲೆ ದಿನಾ ರಾಜಾಸಾಬರ ತಾಯಿ ಜೋಳ ಹಸನು ಮಾಡುತ್ತ ಕೂರುತ್ತಾರೆ. ಹೇಗೆ ಮೆಟ್ಟಿಲಿಳಿದೆನೋ ಗೊತ್ತಿಲ್ಲ. ಓಣಿಯಲ್ಲಿ ಮೊರ ಚೂರಾಗಿ ಜೋಳದ ಮೇಲೆ ಇಟ್ಟಿಗೆ ಹರಡಿತ್ತು. ಕಟ್ಟೆ ಖಾಲಿ.

ಬಾಗಿಲಿನಿಂದ ಮುದುಕಿ ಚಹಾದ ಕಪ್ಪು ಹಿಡಿದು ಹೊರಬಂದರು. "ಯಾಕ್ರೀ ಮೇಷ್ಟ್ರ, ಬೆವರಾಕ ಹತ್ತೀರಿ? ಕುತ್ಕೊಳ್ರಿ, ಚಹಾ ಕುಡೀರಿ."

ನಾನು ಅಲ್ಲೇ ಕುಸಿದು ಕೂತೆ. ಹಿಂದೆ ಓಡಿಬಂದ ರಾಜಾಸಾಬರು ಇಟ್ಟಿಗೆ ನೋಡಿದರು, ತಾಯಿಯನ್ನು ನೋಡಿದರು. ಕೊನೆಗೆ, "ಅಮ್ಮಾಗ ಏನೂ ಆಗಿಲ್ಲಲ್ರಿ ಸರ, ಕಂಬ ಕಟ್ಟೋಣ" ಎಂದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಸುಮಾ ಆಗ ಉತ್ತರ ಹೇಳಿದಳು. "ತಂತಿ ನೆಟ್ಟಗ ಆದಷ್ಟೂ ಅಷ್ಟ ಭಾರಕ್ಕ ಎರಡೂ ತುದೀನ ಹೆಚ್ಚು ಜಗ್ಗತೈತಿ ಮಾವ. ಅದಕ್ಕ ಸ್ವಲ್ಪ ಜೋಲು ಬಿಡೋದು. ಅಷ್ಟು ಬಿಟ್ರೂ ಆ ಜಗ್ಗು ತಡ್ಯಾಕ ಗಟ್ಟಿ ಬಂಡೆ ಬೇಕು. ನೀವು ಇಟ್ಟಿಗಿ ಕಂಬಕ್ಕ ಕಟ್ಟೀರಿ."

ಕಂಬದ ಖರ್ಚು ನನ್ನದು, ಹೊಸ ಮೊರವೂ ನನ್ನದು. ತಂತಿ ಮೊದಲಿಗಿಂತ ಜೋಲಾಗಿ ಕಟ್ಟಲಾಯಿತು, ಕಟ್ಟಿದವಳು ಶಾರದಾ. ಸ್ಕ್ರೂ ನನ್ನ ಕೈಗೆ ಸಿಗದಂತೆ ಎಲ್ಲೋ ಇಟ್ಟಿದ್ದಾಳೆ.

ಊರಿಗೆ ಹೊರಡುವ ಮುನ್ನ ಸುಮಾ, ಕೈಕೆಳಗಿನ ಹೊಸ ಎಂಜಿನಿಯರುಗಳಿಗೆ ದಡ ಕೈಕೊಟ್ಟರೆ ಏನಾಗುತ್ತದೆಂದು ತೋರಿಸಲು ಒಂದು ಫೋಟೊ ಬೇಕೆಂದಳು. ಓಣಿಯಲ್ಲಿ ಇನ್ನೂ ರಾಶಿ ಬಿದ್ದಿದ್ದ ಹಳೆಯ ಇಟ್ಟಿಗೆಗಳ ಪಕ್ಕದಲ್ಲಿ ನನ್ನನ್ನೇ ನಿಲ್ಲಲು ಹೇಳಿದಳು. ನನಗೆ ಅವಮಾನವಾಯಿತು. ಒಂದು ನಿಮಿಷ ತಡಿ ಎಂದು ಒಳಗೆ ಹೋಗಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿಕೊಂಡು ಬಂದೆ.