ಹರಕಿ ಅವ್ವಂದು, ಬಾಯಿ ನಂದು

ನಮ್ಮ ಮನ್ಯಾಗ ಯಾರು ಹರಕಿ ಹೊತ್ತರೂ ಅದು ಬಂದು ಕೂಡೋದು ನನ್ನ ತಲಿಮ್ಯಾಲೇ. ತಂಗಿಗೆ ಟೈಫಾಯ್ಡ್ ಬಂದಾಗ ಅವ್ವ ಮೇರಿಮಾತೆಗೆ ಕೈಮುಗಿದು, "ಇಕಿ ಬದುಕಿದ್ರ ನನ್ನ ಮಗ ವಿಜಾಪುರದಿಂದ ನಿನ್ನ ಗುಡಿಮಟ ಬಾಯಿ ಬಿಡದ, ಬರಿಗಾಲಲೆ ನಡಕೊಂಡ ಬರ್ತಾನ" ಅಂದ್ಲಂತ. ನನ್ನ ಒಂದು ಮಾತು ಕೇಳಿದ್ಲೇನು? ಇಲ್ಲ! ತಂಗಿ ಎದ್ದು ಕೂತ್ಲು, ನನ್ನ ಬಾಯಿಗೆ ಬೀಗ ಬಿತ್ತು. ನಡುವ ಒಂದು ಮಾತಾಡಿದ್ರೂ ಹರಕಿ ಮುರೀತು, ತಿರುಗಿ ವಿಜಾಪುರದ ಇಗರ್ಜಿಯಿಂದ ನಡೀಬೇಕು. ಸಾಲಿಯಾಗ ಬರೇ ಮಾತಾಡಿದ್ದಕ್ಕೇ ಹೊರಗ ಹಾಕಿಸಿಕೊಂಡವ ನಾನು! ಸಂಗಾಟ ಯಾತ್ರೆಗೆ ಬಂದವರೆಲ್ಲಾ ಜಪಮಾಲಿ ಹೇಳ್ಕೋತ ಹೊಂಟಿದ್ರು, ನನಗ ಅದಕ್ಕೂ ಪರವಾನಗಿ ಇಲ್ಲ.

೧. ಗಂಟು

ಊರು ದಾಟೋದ್ರಾಗ ಬಾಜೂ ಮನಿ ಚಿಗವ್ವ ತನ್ನ ರೊಟ್ಟಿ ಗಂಟು ನನ್ನ ಹೆಗಲಿಗೆ ಹಾಕಿದ್ಲು. ಆಮ್ಯಾಲೆ ಬಿಸಲಿಗೆ ಹಿಡಿಯೋ ಕೊಡಿ, ತಂಬಿಗಿ. "ಭಾರ ಆದ್ರ ಹೇಳಪಾ, ನಾಚಬ್ಯಾಡ" ಅಂದ್ಲು. ಬಾಯಿ ಕಟ್ಟಿದವನಿಗೆ ಹಿಂಗ ಕೇಳೋದು ನ್ಯಾಯ ಏನ್ರಿ? ಅಕಿ ಚಪ್ಪಲಿನೂ ಕಳದು ನನ್ನ ಕೈಯಾಗಿಟ್ಲು. "ನಾನೂ ಬರಿಗಾಲಲೆ ನಡೀತೀನಿ, ಪುಣ್ಯ ಬರ್ತೈತಿ."

೨. ಮಿರ್ಚಿ

ಟಿಕೋಟಾದಾಗ ಚಾದ ಅಂಗಡಿ ಮುಂದ ಕೂತ್ವಿ. ಅಲ್ಲಿ ಟ್ರಾನ್ಸಿಸ್ಟರ್ ಸೈತ ಬಾಯಿತುಂಬ ಮಾತಾಡಾಕತ್ತಿತ್ತು. ಬಿಸಿ ಮಿರ್ಚಿ ಕಡಿದೆ, ನಾಲಿಗಿಗೆ ಬೆಂಕಿ ಹತ್ತಿದಂಗಾತು. ನೀರಿನ ಕಡೆ ಕೈ ತೋರಿಸಿದ್ದಕ್ಕ ಅವ್ವ ಕೈಮ್ಯಾಲೆ ಫಟ್ಟಂತ ಹೊಡದ್ಲು. "ಕೈಸನ್ನಿ ಮಾಡಿದ್ರೂ ಮಾತಾಡಿದಂಗ ಲೇ! ಇಷ್ಟು ದೂರ ಬಂದು ಕೆಡಸಬ್ಯಾಡ."

ಸಿಟ್ಟಿಲೆ ಅವ್ವನ್ನ ದಿಟ್ಟಿಸಿದೆ. ಯಾಕಿ ಸಲುವಾಗಿ ನಾ ಸಾಯಾಕತ್ತಿದ್ನೋ ಆ ತಂಗಿ, ಬಂಡಿಯಾಗ ಕೂತು ಕಬ್ಬು ತಿನ್ಕೋತ ಚಾಡಿ ಹೇಳಿದ್ಲು: "ಅವ್ವಾ, ಇವನ ಕಣ್ಣು ಮಾತಾಡಾಕತ್ತಾವ ನೋಡ!"

೩. ಮೇಣಬತ್ತಿ

ಗುಡಿ ಬಾಗಿಲದಾಗ ಒಬ್ಬಾಕಿ ಮುದುಕಿ ಕೂತಿದ್ಲು. ನಮ್ಮ ಮತದಾಕಿ ಅಲ್ಲ. ಆ ಕಡಿ ಹೊಲದವರೆಲ್ಲಾ ಮಾತೆಗೆ ಕಾಯಿ ಒಡಸ್ತಾರ, ಬತ್ತಿ ಹಚ್ತಾರ. "ಯಾಕೋ ತಮ್ಮಾ, ಮಾತಾಡವಲ್ಲಿ?" ಅಂದ್ಲು.

ತಂಗಿ ಮಾರಿ ಸಣ್ಣದು ಮಾಡಿ, "ಪಾಪ, ಹುಟ್ಟಾ ಮೂಗ ಅದಾನ್ರಿ" ಅಂದ್ಲು.

"ಅಯ್ಯ ಶಿವನ!" ಮುದುಕಿ ಒಂದು ಮೇಣಬತ್ತಿ ಹಚ್ಚಿದ್ಲು. "ತಾಯೀ, ಈ ಕೂಸಿಗೆ ಬಾಯಿ ಕೊಡು."

ಅಷ್ಟರಾಗ ನಾ ಹೊಸ್ತಿಲ ದಾಟಿ ಮಾತೆಯ ಪಾದ ಮುಟ್ಟಿದೆ. ಹರಕಿ ತೀರ್ತು! ಗಂಟು, ಕೊಡಿ, ಚಪ್ಪಲಿ ಎಲ್ಲಾ ಧಡಲ್ ಅಂತ ಒಗದೆ. ಮುಂಜಾನಿಂದ ಒಳಗ ಕುದಿಯಾಕತ್ತಿದ್ದ ಬೈಗಳೆಲ್ಲಾ ಒಂದೇ ಉಸುರಿಗೆ ಹೊರಬಿದ್ದುವು. ಚಿಗವ್ವನ್ನ ಬಿಡಲಿಲ್ಲ, ತಂಗೀನ ಬಿಡಲಿಲ್ಲ, ಮಿರ್ಚಿ ಕರಿದವನ್ನೂ ಬಿಡಲಿಲ್ಲ.

"ಬಾಯಿ ಬಂತು! ತಾಯಿ ಬಾಯಿ ಕೊಟ್ಲು!" ಅಂತ ಮುದುಕಿ ನನ್ನ ಮುಂದ ಅಡ್ಡಬಿದ್ಲು. ಬಿದ್ದಲ್ಲೇ ಒಂದೀಟು ಕಿವಿಗೊಟ್ಟು ಕೇಳಿದ್ಲು. ಮೆಲ್ಲಕ ಎದ್ದು ಇನ್ನೊಂದು ಬತ್ತಿ ಹಚ್ಚಿದ್ಲು.

"ತಪ್ಪಾತ ತಾಯೀ, ವಾಪಸ್ ತೊಗೋ."

ಹಡದಾಕಿ ನಮ್ಮವ್ವ ಏನು ಮಾಡಿದ್ಲು ಗೊತ್ತೇನ್ರಿ? ಆ ಬತ್ತಿ ಗಾಳಿಗೆ ಆರಬಾರದಂತ ಸೆರಗು ಅಡ್ಡ ಹಿಡಕೊಂಡು ನಿಂತ್ಲು!