ಸಾಕ್ಷಿ ಕೇಳುವ ಭಾವ

ನಮ್ಮ ಭಾವನ ಎದುರು ಸೂರ್ಯ ಮೂಡಿದ ಎಂದು ಬಾಯಿತಪ್ಪಿಯೂ ಹೇಳಬೇಡಿ. ಕಣ್ಣಾರೆ ಕಂಡವರು ಯಾರು ಎನ್ನುತ್ತಾರೆ! ರಾಣೆಬೆನ್ನೂರಿನ ಕೋರ್ಟಿನಲ್ಲಿ ಆರೋಪಿಗಳ ಪರ ವಾದಿಸಿ ವಾದಿಸಿ ಈಗ ಬ್ಯಾಡಗಿಯ ಮನೆಯಲ್ಲಿ ವಿಶ್ರಾಂತರಾಗಿದ್ದಾರೆ. ಕರಿ ಕೋಟು ಗೂಟಕ್ಕೇರಿದೆ. ವಾದ ಮಾತ್ರ ಇಳಿದಿಲ್ಲ.

ನಾನು ಐದಕ್ಕೆ ಎದ್ದು, ನಡಿಗೆ, ಸ್ನಾನ, ತಿಂಡಿ ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಮುಗಿಸುವ ಜೀವ. ಅಕ್ಕನ ಮನೆಗೆ ಹೋದಾಗ, ಬಿಸಿಲೇರಿದರೂ ಮಲಗಿದ್ದ ಭಾವನನ್ನು ಆಕ್ಷೇಪಿಸಿದೆ. "ಕಣ್ಣು ಮುಚ್ಚಿದ್ದು ನೋಡೀದಿ. ನಿದ್ದಿ ನೋಡೀಯೇನು?" ಎಂದರು. ಖುಲಾಸೆ! ಹಾಲು ಕುಡಿದ ಬೆಕ್ಕನ್ನು ಅಕ್ಕ ಹಿಡಿದು ತಂದು ಬಿಳಿ ಮೀಸೆ ತೋರಿಸಿದರೆ, ಅದು ನಿನ್ನೆಯೂ ಬೆಳ್ಳಗೇ ಇತ್ತಲ್ಲ ಎಂದು ಬೆಕ್ಕನ್ನೂ ಬಿಡಿಸಿದರು.

ಸುಗ್ಗಿಯ ಒಂದು ಮಧ್ಯಾಹ್ನ. ಅಂಗಳದ ತುಂಬ ಮೆಣಸಿನಕಾಯಿ ಹರಡಿ, ಗಾಳಿಯೇ ಕೆಂಪಾಗಿ ತೂಕಡಿಸುತ್ತಿತ್ತು. ನಮ್ಮ ಮೆಣಸಿನಕಾಯಿಗೆ ಖಾರ ಕಡಿಮೆ ಎನ್ನುತ್ತಾರೆ. ಅದರ ಧೂಳಿಗೆ ಆ ಸುದ್ದಿ ಯಾರೂ ತಿಳಿಸಿಲ್ಲ! ಕದರಮಂಡಲಗಿಯಿಂದ ಕೂಲಿಗೆ ಬಂದ ಶಾಂತವ್ವ ತೊಟ್ಟು ಬಿಡಿಸುತ್ತ ಕುಳಿತಿದ್ದಳು. ಒಳಗಿನಿಂದ ಬಂದ ಅಕ್ಕ, ಗೋಡೆಯ ಗೂಡಿನಲ್ಲಿಟ್ಟ ಕಿವಿಯ ಬೆಂಡೋಲೆ ಕಾಣುತ್ತಿಲ್ಲ, ಒಳಗೆ ನೀರು ಕುಡಿಯಲು ಬಂದವಳು ಇವಳೊಬ್ಬಳೇ ಎಂದಳು. ಶಾಂತವ್ವನ ಕೈ ನಿಂತಿತು. ಈ ಮಾತು ಓಣಿ ದಾಟಿದರೆ ಇನ್ನು ಯಾರೂ ಅವಳನ್ನು ಅಂಗಳಕ್ಕೆ ಕರೆಯುವುದಿಲ್ಲ.

"ನೋಡ್ರಿ, ಕಣ್ಣಾಗ ನೀರು ಬಂದಾವು. ತಪ್ಪಿಲ್ಲದಿದ್ರ ಯಾಕ ಅಳ್ತಾಳ?" ಎಂದಳು ಅಕ್ಕ.

ಭಾವ ಶಾಂತವ್ವನ ಮುಖ ನೋಡಿದರು, ನನ್ನದೂ ನೋಡಿದರು. "ನಿನ್ನ ತಮ್ಮನೂ ಅಳಾಕತ್ತಾನ. ಅವನ್ನೂ ಹಿಡಿದು ಕೊಡೂಣೇನು?"

ಬೆಂಡೋಲೆ ಗೂಡಿನಲ್ಲಿದ್ದದ್ದನ್ನು ಕಂಡವರು ಯಾರು, ಅವಳ ಕೈಯಲ್ಲಿ ಕಂಡವರು ಯಾರು ಎಂದು ಒಂದೊಂದೇ ಕೇಳಿದರು. ಕೊನೆಗೆ ಅಕ್ಕನಿಗೆ, ತಾನು ಅದನ್ನು ಅಲ್ಲೇ ಇಟ್ಟಿದ್ದೆನೇ ಎಂಬುದೇ ಮಂಜಾಯಿತು. ಸಂಶಯದ ಲಾಭ ಆರೋಪಿಗೆ! ಬೆಂಡೋಲೆ ಇವತ್ತಿಗೂ ಸಿಕ್ಕಿಲ್ಲ.

ಸಂಜೆ ಹೊರಡುವಾಗ ಶಾಂತವ್ವ ಮೆಟ್ಟಿಲ ಬಳಿ ನಿಂತಳು. ಯಾರೂ ಕೇಳದಿದ್ದರೂ ಬುತ್ತಿಯ ಗಂಟು ಬಿಚ್ಚಿ, ಖಾಲಿ ಡಬ್ಬಿ ತೆರೆದು, ಸೆರಗು ಕೊಡವಿ ತೋರಿಸತೊಡಗಿದಳು.

ಭಾವ ಎದ್ದು ಬಂದರು. ಅಷ್ಟು ಮೆಲ್ಲನೆಯ ದನಿ ನಾನು ಅವರಲ್ಲಿ ಕೇಳಿರಲಿಲ್ಲ.

"ಬ್ಯಾಡವ್ವಾ. ತಪ್ಪು ಹೊರಿಸಿದವ್ರು ನಾವು. ತೋರಸೂದು ನಮ್ಮ ಕೆಲಸ, ನಿಂದಲ್ಲ."

ಅವಳು ಡಬ್ಬಿ ಮುಚ್ಚಿ ಮತ್ತೆ ಬುತ್ತಿ ಕಟ್ಟಹೋದಳು, ಗಂಟು ಕೂಡಲಿಲ್ಲ. ಅಕ್ಕ ಮೆಟ್ಟಿಲಿಳಿದು ಬಂದು, ಅವಳ ಮುಂದೆ ಕುಳಿತು, ಆ ಗಂಟನ್ನು ತಾನೇ ಕಟ್ಟಿಕೊಟ್ಟಳು.

"ನಾಳೆ ಲಗೂ ಬಾ," ಎಂದಳು.